ಅದಲು ಬದಲು

ಇತರರ ಬಾಳನ್ನು ನಾವು ಕುಳಿತಲ್ಲಿಯೇ ಸರಿಪಡಿಸುವುದರಲ್ಲಿ ಇರುವ ಸುಖ ಮತ್ತಾವುದರಲ್ಲಿಯೂ ಇಲ್ಲವೆಂದು ನನ್ನ ಅಭಿಪ್ರಾಯ. ಇದಕ್ಕೆ ಬಂಡವಾಳ ಬೇಕಾಗಿಲ್ಲ. ಒಂದು ಜಗಲಿ, ನಾಲ್ಕು ಜನ ಸ್ನೇಹಿತರು, ಒಂದು ತಟ್ಟೆ ಎಲೆಯಡಕೆ, ಇಷ್ಟಿದ್ದರೆ ಸಾಕು. ಯಾರ ಮಗಳನ್ನು ಯಾರ ಮಗನಿಗೆ ಕೊಟ್ಟಿದ್ದರೆ ಸರಿಹೋಗುತ್ತಿದ್ದಿತು, ಯಾವ ಮಂತ್ರಿಗೆ ಯಾವ ಖಾತೆಯನ್ನು ವಹಿಸಿದ್ದರೆ ರಾಜ್ಯವು ಉದ್ಧಾರವಾಗುತ್ತಿದ್ದಿತು, ದೇವಸ್ಥಾನದ ಪಾರುಪತ್ಯಗಾರನನ್ನು ತೆಗೆದು ಆ ಜಾಗದಲ್ಲಿ ಯಾರನ್ನು ಕೂರಿಸಬೇಕು, ಇವೆಲ್ಲವೂ ಒಂದೇ ಸಂಜೆಯಲ್ಲಿ ಇತ್ಯರ್ಥವಾಗಿಬಿಡುತ್ತವೆ. ಮಾರನೆಯ ದಿನ ಲೋಕವು ಹಿಂದಿನಂತೆಯೇ ನಡೆಯುತ್ತಿರುತ್ತದೆ. ಲೋಕಕ್ಕೆ ನಷ್ಟವಿಲ್ಲ, ನಮಗೆ ಮಾತ್ರ ಆ ರಾತ್ರಿ ಒಳ್ಳೆಯ ನಿದ್ರೆ ಬರುತ್ತದೆ.

ಈ ಸುಖವು ನಮ್ಮ ದೇಶದವರಿಗೇ ಮೀಸಲೆಂದು ನಾನು ಬಹುಕಾಲ ನಂಬಿದ್ದೆನು. ಅದು ತಪ್ಪೆಂದು ತಿಳಿದದ್ದು ೨೦೨೪ನೆಯ ಇಸವಿಯ ನವೆಂಬರಿನಲ್ಲಿ. ಆಗ ನಾನೂ ನನ್ನ ಹೆಂಡತಿಯೂ ಅಮೆರಿಕದ ಟೆಕ್ಸಸ್ ಸಂಸ್ಥಾನದಲ್ಲಿ ಡಲ್ಲಾಸ್ ನಗರದ ಹೊರವಲಯದಲ್ಲಿರುವ ಹಿರಿಯ ಮಗನ ಮನೆಗೆ ಹೋಗಿದ್ದೆವು. ಅಲ್ಲಿ ಜಗಲಿಗಳಿಲ್ಲ, ಅದಕ್ಕೆ ಬದಲಾಗಿ ಮೋಟಾರು ನಿಲ್ಲಿಸುವ ಗ್ಯಾರೇಜಿದೆ. ಪ್ರತಿ ಶನಿವಾರ ಸಾಯಂಕಾಲ ನನ್ನ ಮೊಮ್ಮಗನೂ ಅವನ ಜೊತೆಯ ನಾಲ್ಕೈದು ಹುಡುಗರೂ ಆ ಗ್ಯಾರೇಜಿನಲ್ಲಿ ಸೇರುತ್ತಿದ್ದರು. ಎಲ್ಲರಿಗೂ ಹನ್ನೆರಡು ಹದಿಮೂರರ ವಯಸ್ಸು. ಅವರು ಆಡುವುದು ಸ್ವಲ್ಪ; ಚರ್ಚೆ ಬಹಳ. ಚರ್ಚೆಯ ವಿಷಯ ಬ್ಯಾಸ್ಕೆಟ್‌ಬಾಲ್. ಆದರೆ ಯಾರು ಹೇಗೆ ಆಡಿದರೆಂಬುದಲ್ಲ. ಯಾವ ತಂಡದವರು ಯಾವ ಆಟಗಾರನನ್ನು ಕೊಟ್ಟು ಯಾರನ್ನು ತೆಗೆದುಕೊಳ್ಳಬೇಕು ಎಂಬುದು!

ಈ ಅದಲುಬದಲಿನ ಸ್ವರೂಪವನ್ನು ಮೊಮ್ಮಗನು ನನಗೆ ಬಹಳ ತಾಳ್ಮೆಯಿಂದ ಬೋಧಿಸಿದನು. ಅಲ್ಲಿಯ ವೃತ್ತಿ ಬ್ಯಾಸ್ಕೆಟ್‌ಬಾಲಿನ ಸಂಘವಾದ ಎನ್.ಬಿ.ಎ.ಯಲ್ಲಿ ೩೦ ತಂಡಗಳಿವೆ. ಆಟಗಾರನು ಕರಾರಿಗೆ ಸಹಿ ಮಾಡುವುದು ಒಂದು ತಂಡದೊಡನೆ. ಆದರೆ ಆ ತಂಡವು ಅವನನ್ನು ಕರಾರಿನ ಸಮೇತ ಮತ್ತೊಂದು ತಂಡಕ್ಕೆ ಒಪ್ಪಿಸಿ, ಅಲ್ಲಿಂದ ಬೇರೊಬ್ಬನನ್ನು ತರಿಸಿಕೊಳ್ಳಬಹುದು. ಆಟಗಾರನ ಒಪ್ಪಿಗೆ ಬೇಕಾಗಿಲ್ಲ. ಪ್ರತಿವರ್ಷವೂ ಫೆಬ್ರವರಿಯಲ್ಲಿ ಒಂದು ಗಡುವಿನ ದಿನವುಂಟು; ಅದು ಕಳೆದರೆ ಆ ಸಾಲಿಗೆ ವಿನಿಮಯ ಮುಗಿಯಿತು. ೨೦೨೫ರಲ್ಲಿ ಅದು ಫೆಬ್ರವರಿ ೬. ಗಡುವು ಸಮೀಪಿಸಿದಂತೆಲ್ಲ ಊರೂರಿನ ಅಭಿಮಾನಿಗಳಿಗೆ ಒಂದು ಬಗೆಯ ಜ್ವರವೇರುತ್ತದೆ.

ಈ ಊಹೆಗಳೇನೂ ಮನಸ್ಸಿಗೆ ಬಂದಂತೆ ಮಾಡತಕ್ಕವಲ್ಲ. ಪ್ರತಿಯೊಂದು ತಂಡದ ಸಂಬಳದ ಮೊತ್ತಕ್ಕೂ ಒಂದು ಮಿತಿಯಿದೆ. ೨೦೨೪–೨೫ರ ಸಾಲಿಗೆ ಅದು ಸುಮಾರು ೧೪ ಕೋಟಿ ಡಾಲರು. ಮಿತಿಯನ್ನು ಮೀರಿದ ತಂಡವು ಒಬ್ಬನನ್ನು ಕಳುಹಿಸಿದರೆ, ಹೆಚ್ಚುಕಡಿಮೆ ಅಷ್ಟೇ ಸಂಬಳದವರನ್ನು ಬರಮಾಡಿಕೊಳ್ಳಬೇಕು. ಲೆಕ್ಕ ಕೂಡದಿದ್ದರೆ ಮೂರನೆಯ ತಂಡವೊಂದನ್ನು ಮಧ್ಯೆ ತರಬೇಕು. ಇದಲ್ಲದೆ, ಪ್ರತಿವರ್ಷ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಯೊಂದಿದೆ. ಸೋತು ಸುಣ್ಣವಾದ ತಂಡಗಳಿಗೆ ಮುಂದಿನ ಸರದಿ ದೊರೆಯುವ ಸಂಭವ ಹೆಚ್ಚು. ಈ ಸರದಿಯ ಹಕ್ಕನ್ನು ಏಳು ವರ್ಷಗಳಷ್ಟು ಮುಂಚಿತವಾಗಿ ಇನ್ನೊಬ್ಬರಿಗೆ ಕೊಡಬಹುದು. ಎಂಬತ್ತರ ದಶಕದ ಮೊದಲಲ್ಲಿ ಕ್ಲೀವ್‌ಲೆಂಡ್ ತಂಡದ ಒಡೆಯನಾಗಿದ್ದ ಟೆಡ್ ಸ್ಟೆಪಿಯನ್ ಎಂಬಾತನು ತನ್ನ ಸರದಿಗಳನ್ನು ಒಂದರ ಮೇಲೊಂದರಂತೆ ಧಾರೆಯೆರೆದು ತಂಡವನ್ನು ಬರಿದು ಮಾಡಿದ್ದರಿಂದ, ಮುಂಬರುವ ವರ್ಷಗಳಲ್ಲಿ ಎರಡು ಒಂದಾದ ಮೇಲೊಂದು ವರ್ಷ ಮೊದಲ ಸುತ್ತಿನ ಸರದಿಯಿಲ್ಲದಂತೆ ಮಾಡಿಕೊಳ್ಳಕೂಡದೆಂಬ ನಿಯಮ ಹುಟ್ಟಿತು. ಆ ನಿಯಮಕ್ಕೆ ಅವನ ಹೆಸರೇ ನಿಂತಿದೆ. ಮಾಡಿದ ತಪ್ಪಿನಿಂದ ಶಾಶ್ವತ ಕೀರ್ತಿ ಪಡೆದವರು ನಮ್ಮಲ್ಲಿಯೂ ಇದ್ದಾರಷ್ಟೆ.

ಇ.ಎಸ್.ಪಿ.ಎನ್. ಎಂಬ ಕ್ರೀಡಾವಾರ್ತೆಯ ಸಂಸ್ಥೆಯವರು ಈ ನಿಯಮಗಳನ್ನೆಲ್ಲ ಅಳವಡಿಸಿ ‘ಟ್ರೇಡ್ ಮೆಷೀನ್’ ಎಂಬುದೊಂದನ್ನು ಸಿದ್ಧಪಡಿಸಿದ್ದರು. ಹುಡುಗರು ಅದರಲ್ಲಿ ಆ ತಂಡದಿಂದ ಒಬ್ಬನನ್ನು, ಈ ತಂಡದಿಂದ ಇಬ್ಬರನ್ನು ತುಂಬುವರು. ಅದು ಲೆಕ್ಕ ಹಾಕಿ, ಈ ವಿನಿಮಯ ಸಲ್ಲುತ್ತದೆ ಅಥವಾ ಸಲ್ಲದು ಎಂದು ತೀರ್ಪು ಕೊಡುವುದು. ಸಂದಿತೆಂದರೆ ಗ್ಯಾರೇಜಿನಲ್ಲಿ ಜಯಘೋಷ. ಇಲ್ಲವಾದರೆ, “ಅವನ ಜೊತೆಗೆ ಇನ್ನೊಬ್ಬನನ್ನು ಸೇರಿಸು” ಎಂಬ ಸಲಹೆ. ಹೀಗೆ ಒಂದೇ ಸಂಜೆಯಲ್ಲಿ ಹತ್ತಿಪ್ಪತ್ತು ಮಂದಿ ಪ್ರಾಪ್ತವಯಸ್ಕರು ಹೆಂಡಿರುಮಕ್ಕಳ ಸಮೇತ ಅಟ್ಲಾಂಟಿಕ್ ಕರೆಯಿಂದ ಪೆಸಿಫಿಕ್ ಕರೆಗೆ ಎತ್ತಿಹಾಕಲ್ಪಡುತ್ತಿದ್ದರು.

ಇದನ್ನು ಕಂಡು ನಾನು ನಗಬೇಕಾಗಿದ್ದಿತು. ಆದರೆ ನನಗೆ ನಗು ಬರಲಿಲ್ಲ. ಬಂದದ್ದು ಪರಿಚಯದ ಭಾವನೆ. ನಾನು ಸರ್ಕಾರದ ಒಂದು ಇಲಾಖೆಯಲ್ಲಿ ಮೂವತ್ತಮೂರು ವರ್ಷ ದುಡಿದವನು. ಅದರ ಹೆಸರು ಇಲ್ಲಿ ಬೇಡ. ಸೇವೆಯ ಕೊನೆಯ ಆರು ವರ್ಷ ಕೇಂದ್ರ ಕಛೇರಿಯ ಸಿಬ್ಬಂದಿ ಶಾಖೆಯಲ್ಲಿ ನನಗೆ ಕೆಲಸ. ಬೇಸಗೆ ಬಂತೆಂದರೆ ವರ್ಗಾವಣೆಯ ಕಾಲ. ಕಛೇರಿಯ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಗುಮಾಸ್ತೆಗಳು ಮಾಡುತ್ತಿದ್ದ ಊಹೆಗಳನ್ನು ಕೇಳಿದ್ದರೆ ಡಲ್ಲಾಸಿನ ಹುಡುಗರು ತಲೆದೂಗುತ್ತಿದ್ದರು. ಹಾಸನದವನು ಬಿಜಾಪುರಕ್ಕೆ, ಬಿಜಾಪುರದವನು ಕೋಲಾರಕ್ಕೆ, ಕೋಲಾರದವನು ಮಾವನ ದಯೆಯಿಂದ ಇದ್ದಲ್ಲೇ! ಅವರು ಊಹೆ ಮಾಡುತ್ತಿದ್ದರು. ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದವನು ನಾನು. ಖಾಲಿ ಸ್ಥಾನಗಳನ್ನು ಎಡಕ್ಕೆ ಬರೆದು, ಹೆಸರುಗಳನ್ನು ಬಲಕ್ಕೆ ಬರೆದು, ಒಂದಕ್ಕೊಂದು ಗೆರೆಯೆಳೆದು ಎಲ್ಲವೂ ಸರಿಹೊಂದಿದಾಗ ನನಗುಂಟಾಗುತ್ತಿದ್ದ ತೃಪ್ತಿಯು ಪದಬಂಧ ಬಿಡಿಸಿದವನ ತೃಪ್ತಿಯೇ ಸರಿ.

ಹೀಗೆ ಗೆರೆಯೆಳೆದ ಒಂದು ವರ್ಷ, ಸಾಗರದಲ್ಲಿದ್ದ ಗುಮಾಸ್ತೆಯೊಬ್ಬನನ್ನು ರಾಯಚೂರಿಗೆ ಹಾಕಿದೆನು. ರಾಯಚೂರಿನವನು ಸಾಗರಕ್ಕೆ. ಹುದ್ದೆಗೆ ಹುದ್ದೆ, ಸಂಬಳಕ್ಕೆ ಸಂಬಳ. ಯಾವ ಯಂತ್ರಕ್ಕೆ ತೋರಿಸಿದರೂ ಸಲ್ಲುತ್ತಿದ್ದ ವಿನಿಮಯ. ಹೊರಡುವ ಮುನ್ನ ಆತನು ನನ್ನನ್ನು ನೋಡಲು ಬಂದನು. ಹಾಸಿಗೆ ಹಿಡಿದಿದ್ದ ಅವನ ತಾಯಿಯನ್ನು ಅಷ್ಟು ದೂರ ಸಾಗಿಸುವಂತಿರಲಿಲ್ಲ. ಅವನ ಅರ್ಜಿಯೂ ಬಂದಿದ್ದಿತು; ಕಡತದಲ್ಲಿ ಕೆಳಗೆ ಬಿದ್ದಿದ್ದಿತು. ನಾನು ಓದಿರಲಿಲ್ಲ. ಆತನು ಕೂಗಾಡಲಿಲ್ಲ. “ಆಗಲಿ ಸ್ವಾಮಿ, ಹೋಗುತ್ತೇನೆ. ಮುಂಚೆ ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು” ಎಂದಷ್ಟೇ ಹೇಳಿ ಕೈಮುಗಿದು ಹೋದನು. ಆ ಮಳೆಗಾಲದಲ್ಲಿ ತಾಯಿ ತೀರಿಕೊಂಡಳು. ಆತನು ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು ಊರು ಮುಟ್ಟುವ ವೇಳೆಗೆ ಎಲ್ಲವೂ ಮುಗಿದಿದ್ದಿತೆಂದು ಬೇರೊಬ್ಬರಿಂದ ತಿಳಿಯಿತು. ಆ ಸ್ಥಳಕ್ಕೆ ಯಾರಾದರೂ ಹೋಗಲೇಬೇಕಾಗಿದ್ದಿತು, ನಿಜ. ಅವನನ್ನು ಕೇಳಿದ್ದರೂ ಬಹುಶಃ ಅವನನ್ನೇ ಕಳುಹಿಸುತ್ತಿದ್ದೆನೋ ಏನೋ! ಆದರೆ ಕೇಳಲಿಲ್ಲ ಎಂಬುದು ಇಷ್ಟು ವರ್ಷವಾದರೂ ನನ್ನ ಎದೆಯಿಂದ ಹೋಗಿಲ್ಲ.

ಅದಂತಿರಲಿ. ನನ್ನ ಮೊಮ್ಮಗನ ಆರಾಧ್ಯದೈವ ಲೂಕಾ ಡಾನ್ಚಿಚ್. ಯೂರೋಪಿನ ಸ್ಲೊವೇನಿಯಾ ದೇಶದವನು, ೧೯೯೯ರಲ್ಲಿ ಹುಟ್ಟಿದವನು. ೨೦೧೮ರಲ್ಲಿ ಹೊಸಬರ ಆಯ್ಕೆಯಲ್ಲಿ ಮೂರನೆಯವನಾಗಿ ಅಟ್ಲಾಂಟ ತಂಡದ ಪಾಲಿಗೆ ಬಂದು, ಅದೇ ರಾತ್ರಿ ವಿನಿಮಯವಾಗಿ ಡಲ್ಲಾಸಿನ ಮ್ಯಾವರಿಕ್ಸ್ ತಂಡಕ್ಕೆ ಸೇರಿದನು. ೨೦೨೪ರಲ್ಲಿ ಆ ತಂಡವನ್ನು ಅಂತಿಮ ಪಂದ್ಯಗಳವರೆಗೆ ಕೊಂಡೊಯ್ದನು. ಅಲ್ಲಿ ಬಾಸ್ಟನ್ ತಂಡದವರು ನಾಲ್ಕು ಪಂದ್ಯಗಳಿಗೆ ಒಂದರಂತೆ ಗೆದ್ದರು. ಇವನ ಅಂಗಿಯ ಮೇಲಿನ ಅಂಕೆ ೭೭. ಮೊಮ್ಮಗನಿಗೂ ಅಂಥದೊಂದು ಅಂಗಿಯುಂಟು. ಅದನ್ನು ಒಗೆಯಲು ಕೊಡೆಂದರೆ ನನ್ನ ಸೊಸೆಗೆ ಪ್ರತಿವಾರವೂ ಒಂದು ಯುದ್ಧ.

ಒಂದು ಸಂಗತಿಯನ್ನು ನಾನು ಗಮನಿಸಿದ್ದೆನು. ಗ್ಯಾರೇಜಿನ ಆ ಸಭೆಯು ಲೋಕದ ಆಟಗಾರರನ್ನೆಲ್ಲ ಅದಲುಬದಲು ಮಾಡಿದರೂ, ಲೂಕನ ಹೆಸರನ್ನು ಒಂದು ದಿನವಾದರೂ ಯಂತ್ರಕ್ಕೆ ತುಂಬಲಿಲ್ಲ. ನಾನೊಮ್ಮೆ ತಮಾಷೆಗೆ, “ಇವನನ್ನು ಕೊಟ್ಟರೆ ಏನು ಬರುತ್ತದೆ?” ಎಂದು ಕೇಳಿದೆನು. ಹುಡುಗರೆಲ್ಲ ನನ್ನನ್ನು ನೋಡಿದ ನೋಟದಿಂದ, ದೇವರ ಮನೆಯೊಳಕ್ಕೆ ಜೋಡು ಮೆಟ್ಟಿಕೊಂಡು ಹೋದವನಂತಾಯಿತು ನನ್ನ ಸ್ಥಿತಿ. ನಾವು ಅದಲುಬದಲಿನ ಆಟವಾಡುವುದು ನಮ್ಮದಲ್ಲದವರನ್ನು ಇಟ್ಟುಕೊಂಡು. ನಮ್ಮವರೆಂಬವರು ಆ ಆಟದ ಹೊರಗೆ.

೨೦೨೫ನೆಯ ಫೆಬ್ರವರಿ ೧, ಶನಿವಾರ. ರಾತ್ರಿ ಹನ್ನೊಂದು ಗಂಟೆ ಕಳೆದಿದ್ದಿತು. ಷಾಮ್ಸ್ ಚರಾನಿಯ ಎಂಬ ವರದಿಗಾರನು ಒಂದು ಸುದ್ದಿಯನ್ನು ಹೊರಗೆಡವಿದನು: ಲೂಕಾ ಡಾನ್ಚಿಚ್ ಲಾಸ್ ಏಂಜಲೀಸಿನ ಲೇಕರ್ಸ್ ತಂಡಕ್ಕೆ, ಅವನಿಗೆ ಬದಲಾಗಿ ಆಂಟನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಮತ್ತು ಲೇಕರ್ಸಿನವರ ೨೦೨೯ರ ಮೊದಲ ಸುತ್ತಿನ ಸರದಿ ಡಲ್ಲಾಸಿಗೆ, ಮಧ್ಯೆ ಯೂಟಾ ತಂಡದ ಕೈವಾಡವೂ ಉಂಟು. ಮೊದಲು ಯಾರೂ ನಂಬಲಿಲ್ಲ. ಯಾರೋ ಕಿಡಿಗೇಡಿಗಳು ವರದಿಗಾರನ ಹೆಸರಿನಲ್ಲಿ ಸುಳ್ಳು ಸುದ್ದಿ ಹಬ್ಬಿಸಿದ್ದಾರೆಂದೇ ಬಹುಮಂದಿ ತಿಳಿದರು. ಡಾನ್ಚಿಚ್ ತಾನೇ ನಿದ್ರೆಗೆ ಜಾರುತ್ತಿದ್ದಾಗ ಫೋನು ಬಂದಿತೆಂದೂ, ಅಂದು ಏಪ್ರಿಲ್ ಒಂದನೆಯ ತಾರೀಖೋ ಏನೋ ಎಂದು ನೋಡಿಕೊಂಡನೆಂದೂ ಆಮೇಲೆ ಹೇಳಿದನು.

ಮೊಮ್ಮಗನ ಕೋಣೆಯಿಂದ ಬಂದ ಶಬ್ದಕ್ಕೆ ಮನೆಯೆಲ್ಲ ಎದ್ದಿತು. ಅವನು ಹಾಸಿಗೆಯ ಮೇಲೆ ಕುಳಿತು, ಅಂಗಿಯನ್ನು ಮುಖಕ್ಕೊತ್ತಿಕೊಂಡು ಅಳುತ್ತಿದ್ದನು. ನನ್ನ ಹೆಂಡತಿ ಗಾಬರಿಯಿಂದ, “ಯಾರಿಗೆ ಏನಾಯಿತಪ್ಪ?” ಎಂದಳು. ವಿಷಯ ತಿಳಿದ ಮೇಲೂ ಆಕೆ ನಗಲಿಲ್ಲ. ಅಡಿಗೆಮನೆಗೆ ಹೋಗಿ ಹಾಲು ಕಾಯಿಸಿಕೊಂಡು ಬಂದಳು.

ಮಾರನೆಯ ದಿನ ಮಧ್ಯಾಹ್ನ ಮಗನು ನಮ್ಮನ್ನು ಆಟದ ಮಂದಿರದ ಬಳಿಗೆ ಕರೆದುಕೊಂಡು ಹೋದನು. ಹೊರಗೆ ಜನ ನೆರೆದಿದ್ದರು. ಕೆಲವರು ಶವಪೆಟ್ಟಿಗೆಯೊಂದನ್ನೇ ತಂದಿದ್ದರು. ತಂಡದ ಹಿಂದಿನ ವೀರನಾದ ಡರ್ಕ್ ನೊವಿಟ್ಸ್‌ಕಿಯ ಪ್ರತಿಮೆಯ ಬುಡದಲ್ಲಿ ಹೂವುಗಳಿದ್ದವು. ತಂಡದ ವ್ಯವಸ್ಥಾಪಕನಾಗಿದ್ದ ನೀಕೊ ಹ್ಯಾರಿಸನ್ನನನ್ನು ಕೆಲಸದಿಂದ ತೆಗೆಯಬೇಕೆಂದು ಕೂಗುತ್ತಿದ್ದರು. ಎದುರಾಳಿಯನ್ನು ತಡೆಯುವ ಆಟವೇ ಪದವಿ ಗೆಲ್ಲಿಸತಕ್ಕದ್ದು, ಆದ್ದರಿಂದ ಡೇವಿಸ್ ಬೇಕೆಂಬುದು ಅವನ ವಾದವಾಗಿದ್ದಿತು. ಲೆಕ್ಕವೇನೂ ತಪ್ಪಾಗಿರಲಿಲ್ಲ. ಇಬ್ಬರ ಸಂಬಳವೂ ೪ ಕೋಟಿ ೩೦ ಲಕ್ಷ ಡಾಲರಿನ ಆಸುಪಾಸು. ಹುದ್ದೆಗೆ ಹುದ್ದೆ, ಸಂಬಳಕ್ಕೆ ಸಂಬಳ. ಆ ಗೆರೆಯ ಪರಿಚಯ ನನಗೆ ಚೆನ್ನಾಗಿದ್ದಿತು.

ಈ ಕರಾರಿನಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ೨೦೨೯ರ ಆ ಸರದಿ. ಆಯ್ಕೆ ನಡೆಯುವ ಇಸವಿ ಮುಗಿಯುವುದರೊಳಗೆ ಹತ್ತೊಂಬತ್ತು ತುಂಬದವನನ್ನು ಅಲ್ಲಿ ಆರಿಸುವಂತಿಲ್ಲ. ಹಾಗಾದರೆ ಆ ಸರದಿಯಲ್ಲಿ ಬರತಕ್ಕವನು ಅಂದು ಹದಿನೈದರ ಹುಡುಗನಾಗಿದ್ದರೂ ಇರಬಹುದು. ಎಲ್ಲಿಯೋ ಒಂದು ಶಾಲೆಯಲ್ಲಿ ಬೀಜಗಣಿತದೊಡನೆ ಹೆಣಗುತ್ತಿದ್ದ ಅವನನ್ನು, ಹೆಸರೂ ತಿಳಿಯದವರು ಒಬ್ಬರಿಂದೊಬ್ಬರಿಗೆ ಕೈಬದಲಾಯಿಸಿದ್ದರು. ಅವನಿಗೆ ಸುದ್ದಿಯೇ ಇಲ್ಲ!

ಮೊಮ್ಮಗನನ್ನು ಸಮಾಧಾನಪಡಿಸಲೆಂದು ನಾನು ಹಳೆಯ ಕಥೆಗಳನ್ನು ಓದಿ ಹೇಳತೊಡಗಿದೆನು. ೧೯೫೬ರಲ್ಲಿ ಸೇಂಟ್ ಲೂಯಿಸ್ ತಂಡದವರು ತಮ್ಮ ಸರದಿಗೆ ಬಂದ ಬಿಲ್ ರಸೆಲ್ ಎಂಬ ತರುಣನನ್ನು ಬಾಸ್ಟನ್ನಿಗೆ ಬಿಟ್ಟುಕೊಟ್ಟು, ಎಡ್ ಮೆಕಾಲಿ, ಕ್ಲಿಫ್ ಹೇಗನ್ ಎಂಬಿಬ್ಬರನ್ನು ಪಡೆದರು. ರಸೆಲ್ಲನು ಹದಿಮೂರು ವರ್ಷಗಳಲ್ಲಿ ಹನ್ನೊಂದು ಸಲ ಬಾಸ್ಟನ್ನಿಗೆ ಪದವಿಯನ್ನು ತಂದನು. ಹಾಗಾದರೆ ಸೇಂಟ್ ಲೂಯಿಸಿನವರು ಮೋಸ ಹೋದರೆಂದು ಹೇಳಬೇಕಷ್ಟೆ? ಆದರೆ ೧೯೫೮ರಲ್ಲಿ ಅವರೇ ಬಾಸ್ಟನ್ನನ್ನು ಸೋಲಿಸಿ ಗೆದ್ದರು. ಮೆಕಾಲಿಗಾದರೋ ಸೇಂಟ್ ಲೂಯಿಸ್ ಹುಟ್ಟೂರು. ಅವನ ಎಳೆಯ ಮಗನು ಮಿದುಳಿನ ಪೊರೆಗೆ ಬರುವ ಘೋರವಾದ ಕಾಯಿಲೆಯಿಂದ ಅಲ್ಲಿ ನರಳುತ್ತಿದ್ದನು. ಊರಿಗೆ ಹೋಗುವುದು ಅವನಿಗೇ ಬೇಕಾಗಿದ್ದಿತು. ಒಬ್ಬ ತಂದೆಯನ್ನು ಮಗುವಿನ ಬಳಿಗೆ ಸೇರಿಸಿದ ಆ ವಿನಿಮಯವನ್ನು ಗೆಲುವುಗಳ ಲೆಕ್ಕವೊಂದರಿಂದಲೇ ಅಳೆಯುವುದು ಹೇಗೆ?

ಮೊಮ್ಮಗನು ಸ್ವಲ್ಪ ಹೊತ್ತು ಯೋಚಿಸಿ, “ತಾತ, ಅವನಿಗೆ ಹೋಗಬೇಕು ಅಂತ ಇತ್ತು. ಲೂಕನಿಗೆ ಇರಲಿಲ್ಲ” ಎಂದನು. ಅದಕ್ಕೆ ಇನ್ನೊಂದು ಕಥೆ ಹೇಳಿದೆನು. ಡಿಮಾರ್ ಡಿರೋಜನ್ ಎಂಬಾತನು ಟೊರಾಂಟೋ ತಂಡದಲ್ಲಿ ಒಂಬತ್ತು ಸಾಲು ಆಡಿದವನು. ಆ ಊರನ್ನು ತನ್ನದೆಂದು ತಿಳಿದವನು. ೨೦೧೮ರ ಜುಲೈನಲ್ಲಿ ಅವನನ್ನು ಸ್ಯಾನ್ ಆಂಟೋನಿಯೋಗೆ ಕಳುಹಿಸಿ ಕವಾಯ್ ಲೆನರ್ಡನನ್ನು ತಂದರು. ಮರುವರ್ಷವೇ ಟೊರಾಂಟೋ ಮೊಟ್ಟಮೊದಲ ಸಲ ಪದವಿಯನ್ನು ಗೆದ್ದಿತು. ವಿನಿಮಯ ಸರಿಯಾಗಿಯೇ ಇದ್ದಿತೆಂದು ಊರೆಲ್ಲ ಹೇಳಿತು. “ಅವನಿಗೆ ನೋವಾಯಿತೇ?” ಎಂದು ಮೊಮ್ಮಗನು ಕೇಳಿದನು. ಆಯಿತೆಂದೆನು. “ಹಾಗಾದರೆ ಸರಿಯಾಗಿತ್ತು ಅಂತ ಹೇಗೆ ಹೇಳುತ್ತಾರೆ?” ಮೂವತ್ತಮೂರು ವರ್ಷ ಸೇವೆ ಮಾಡಿದವನಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಮಾರ್ಚಿ ತಿಂಗಳ ಮಧ್ಯದಲ್ಲಿ ಒಂದು ರಾತ್ರಿ ಬಾಯಾರಿಕೆಯಾಗಿ ನೀರಿಗೆಂದು ಕೆಳಗಿಳಿದೆನು. ಹಿರಿಯ ಮಗನು ಪಡಸಾಲೆಯಲ್ಲಿ ಕುಳಿತು ಫೋನಿನಲ್ಲಿ ಮಾತನಾಡುತ್ತಿದ್ದನು. ಅತ್ತ ಕಡೆ ಬೆಂಗಳೂರಿನ ಕಿರಿಯ ಮಗ, ಪುಣೆಯ ಮಗಳು. ಕದ್ದು ಕೇಳುವುದು ಸಭ್ಯತೆಯಲ್ಲವೆಂದು ನನಗೂ ಗೊತ್ತು. ಆದರೆ ಮಾತಿನಲ್ಲಿ ನನ್ನ ಹೆಸರು ಬಂದಿದ್ದಿತು.

ಮಗಳಿಗೆ ಜೂನಿನಲ್ಲಿ ಹೆರಿಗೆ. ಆದುದರಿಂದ ಅಮ್ಮನು ಮೇ ತಿಂಗಳಿಂದ ಅಕ್ಟೋಬರಿನವರೆಗೆ ಪುಣೆಗೆ. ಅಲ್ಲಿ ಎರಡೇ ಕೋಣೆ, ಬೀಗರೂ ಬಂದು ಹೋಗುವವರು, ಅಪ್ಪನಿಗೆ ಜಾಗವಿಲ್ಲ. ಆದುದರಿಂದ ಅಪ್ಪನು ಬೆಂಗಳೂರಿಗೆ. ಮೈಸೂರಿನ ಮನೆ ಸುಮ್ಮನೆ ಬೀಗ ಹಾಕಿಕೊಂಡಿದೆ, ಬಾಡಿಗೆಗೆ ಕೊಟ್ಟರಾಯಿತು. ನವೆಂಬರಿನಿಂದ ಇಲ್ಲಿ ಹುಡುಗನು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಬೇಕು, ಅಪ್ಪ ಬರಲಿ. ಬೆಂಗಳೂರಿನ ಮಗುವನ್ನು ನೋಡಿಕೊಳ್ಳಲು ಅಮ್ಮನು ಪುಣೆಯಿಂದ ಅಲ್ಲಿಗೆ ಹೋಗಲಿ. ಎಲ್ಲವೂ ಎಷ್ಟು ಚೆನ್ನಾಗಿ ಕೂಡಿಬಂದಿತೆಂದರೆ, ಕೇಳುತ್ತಿದ್ದ ನನ್ನಲ್ಲಿಯ ಸಿಬ್ಬಂದಿ ಶಾಖೆಯವನು ಒಳಗೊಳಗೇ ಮೆಚ್ಚಿಕೊಂಡನು. ಕೋಣೆಗಳ ಮಿತಿ, ಗಡುವು, ಮೂರನೆಯ ಪಕ್ಷದ ಮಧ್ಯಪ್ರವೇಶ, ಯಾವುದಕ್ಕೂ ಕೊರತೆಯಿರಲಿಲ್ಲ. ಯಾರ ಮನಸ್ಸಿನಲ್ಲಿಯೂ ಕೆಡುಕಿರಲಿಲ್ಲ. ಮೂವರೂ ಅಕ್ಕರೆಯಿಂದಲೇ ಮಾತನಾಡುತ್ತಿದ್ದರು. ಆದರೆ ನಲವತ್ತನಾಲ್ಕು ವರ್ಷ ಒಟ್ಟಿಗೆ ಬಾಳಿದ ಇಬ್ಬರು ಒಂದು ವರ್ಷದವರೆಗೆ ಒಂದೇ ಸೂರಿನ ಕೆಳಗೆ ಮಲಗುವುದಿಲ್ಲವೆಂಬ ಅಂಶವು ಆ ಲೆಕ್ಕದಲ್ಲಿ ಯಾವ ಕಾಲಮಿನಲ್ಲಿಯೂ ಬಂದಿರಲಿಲ್ಲ.

ನೀರು ಕುಡಿಯದೆ ಮೇಲಕ್ಕೆ ಹೋದೆನು. ನನ್ನ ಬೆಲೆಯೇನಿರಬಹುದೆಂದು ಯೋಚಿಸುತ್ತ ಬಹಳ ಹೊತ್ತು ಎಚ್ಚರವಾಗಿದ್ದೆನು. ಎರಡು ಮಂಡಿಗಳಲ್ಲಿಯೂ ನೋವು. ರಕ್ತದೊತ್ತಡಕ್ಕೆ ದಿನಕ್ಕೊಂದು ಗುಳಿಗೆ. ಕಾಫಿ ತಡವಾದರೆ ಕೋಪ. ನನಗೆ ಬದಲಾಗಿ ಯಾವ ತಂಡದವರೂ ಮೊದಲ ಸುತ್ತಿನ ಸರದಿಯನ್ನು ಕೊಡಲಾರರು!

ಮರುದಿನ ಇದನ್ನು ಮೊಮ್ಮಗನೊಬ್ಬನಿಗೆ ಹೇಳಿದೆನು. ತಮಾಷೆಯಂತೆ ಹೇಳಿದರೂ ಅವನು ಗಂಭೀರನಾದನು. “ತಾತ, ಕೆಲವರ ಕರಾರಿನಲ್ಲಿ ‘ಒಪ್ಪಿಗೆಯಿಲ್ಲದೆ ಕಳುಹಿಸಕೂಡದು’ ಅಂತ ಬರೆದಿರುತ್ತದೆ. ಅದು ಸಿಗಬೇಕಾದರೆ ಎಂಟು ವರ್ಷ ಸೇವೆಯಾಗಿರಬೇಕು. ನಾಲ್ಕು ವರ್ಷ ಅದೇ ತಂಡದಲ್ಲಿರಬೇಕು. ನಿಮಗೆ ಅಜ್ಜಿಯ ತಂಡದಲ್ಲಿ ನಲವತ್ತನಾಲ್ಕು ಆಗಿದೆಯಲ್ಲ!” ಎಂದನು. ಸಮೀಪದಲ್ಲಿಯೇ ಹುರುಳಿಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿ ತಲೆಯೆತ್ತದೆ, “ನನ್ನನ್ನು ಒಂಬತ್ತು ಸಲ ಊರೂರಿಗೆ ಕರೆದುಕೊಂಡು ಹೋದರಲ್ಲ, ಆಗ ಯಾರು ಕೇಳಿದ್ದರು?” ಎಂದಳು.

ಆಕೆಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಹೌದು, ಸೇವೆಯಲ್ಲಿ ನನಗೆ ಒಂಬತ್ತು ಸಲ ವರ್ಗವಾಯಿತು. ಒಂಬತ್ತು ಸಲವೂ ನಾನು ಸಂಜೆ ಮನೆಗೆ ಬಂದು ಕೋಟನ್ನು ಗೂಟಕ್ಕೆ ಹಾಕುತ್ತ, “ಮುಂದಿನ ವಾರ ಹೊರಡಬೇಕು” ಎಂದು ಹೇಳಿದವನು. ನೆಟ್ಟ ಕರಿಬೇವಿನ ಗಿಡ, ಹಾಲಿನವಳ ಸ್ನೇಹ, ನೆರೆಮನೆಯ ಗೆಳತಿ, ಇವನ್ನೆಲ್ಲ ಒಂಬತ್ತು ಊರುಗಳಲ್ಲಿ ಬಿಟ್ಟುಬಂದವಳು ಆಕೆ. ಸರ್ಕಾರವು ನನ್ನನ್ನು ಕೇಳಲಿಲ್ಲವೆಂದು ನಾನು ಗೊಣಗಿದ್ದುಂಟು. ನಾನು ಆಕೆಯನ್ನು ಕೇಳಬೇಕೆಂಬುದು ಹೊಳೆದೇ ಇರಲಿಲ್ಲ.

ಏಪ್ರಿಲ್ ೯ನೆಯ ತಾರೀಖು ಡಾನ್ಚಿಚ್ ಲೇಕರ್ಸ್ ತಂಡದವನಾಗಿ ಡಲ್ಲಾಸಿಗೆ ಬಂದನು. ನಾವೆಲ್ಲರೂ ಮನೆಯಲ್ಲಿಯೇ ಟೆಲಿವಿಷನ್ನಿನ ಮುಂದೆ ಕುಳಿತೆವು. ಆಟ ಆರಂಭವಾಗುವ ಮುನ್ನ ಅವನು ಆ ಊರಿನಲ್ಲಿ ಕಳೆದ ವರ್ಷಗಳ ಚಿತ್ರಗಳನ್ನು ತೋರಿಸಿದರು. ಬೆಂಚಿನ ಮೇಲೆ ಕುಳಿತಿದ್ದ ಆ ಆಜಾನುಬಾಹುವು ಟವಲಿನಿಂದ ಕಣ್ಣೊರಸಿಕೊಂಡನು. ನೆರೆದ ಸಭೆಯೆಲ್ಲ ಎದ್ದು ನಿಂತಿತು, ಎದುರಾಳಿ ತಂಡದ ಆಟಗಾರನಿಗಾಗಿ! ಅನಂತರ ಅವನು ೪೫ ಅಂಕಗಳನ್ನು ಗಳಿಸಿದನು. ಲೇಕರ್ಸಿನವರು ೧೧೨ಕ್ಕೆ ೯೭ರಂತೆ ಗೆದ್ದರು. ನಮ್ಮ ಮನೆಯಲ್ಲಿ ಯಾರ ಪರವಾಗಿ ಕೂಗಬೇಕೆಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಮೊಮ್ಮಗನು ೭೭ರ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದನು, ತೊಟ್ಟಿರಲಿಲ್ಲ.

ಆಟದ ತಲೆಬುಡ ತಿಳಿಯದ ನನ್ನ ಹೆಂಡತಿ ಸೆರಗಿನಿಂದ ಕಣ್ಣೊರಸಿಕೊಂಡು, “ಪಾಪ, ಆ ಹುಡುಗನನ್ನು ಮುಂಚೆ ಒಂದು ಮಾತು ಕೇಳಬಾರದಾಗಿತ್ತೇ?” ಎಂದಳು. ಸಾಗರದ ಗುಮಾಸ್ತೆಯ ಮಾತೇ ಅದು, ಅಕ್ಷರಶಃ. ಯಾರೂ ಉತ್ತರ ಕೊಡಲಿಲ್ಲ. ಮೊಮ್ಮಗನು ತನ್ನ ತಂದೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದನು. ಅವರಿಬ್ಬರಲ್ಲಿ ಮೊದಲೇ ಏನಾದರೂ ಮಾತು ನಡೆದಿದ್ದಿತೋ ಇಲ್ಲವೋ ನನಗೆ ತಿಳಿಯದು. ನಾನು ವಿಚಾರಿಸಲೂ ಇಲ್ಲ.

ಅಂದು ರಾತ್ರಿ ಮಗನು ನಮ್ಮ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕುಳಿತನು. ಸ್ವಲ್ಪ ಹೊತ್ತು ಕಂಬಳಿಯ ಎಳೆಯನ್ನು ಕೀಳುತ್ತಿದ್ದು, ಆಮೇಲೆ, “ಅಪ್ಪ, ಮೇ ತಿಂಗಳಿಂದ ನೀವಿಬ್ಬರೂ ಹೇಗಿರಬೇಕು ಅಂತ ಯೋಚನೆ ಮಾಡಿದ್ದೀರಿ? ನಾವೇನೋ ಒಂದು ಲೆಕ್ಕ ಹಾಕಿದ್ದೇವೆ. ಆದರೆ ನಿಮ್ಮನ್ನು ಕೇಳಲೇ ಇಲ್ಲ” ಎಂದನು. ನಾನು ಬಾಯಿ ತೆರೆಯುವವನಿದ್ದೆ; ಅಭ್ಯಾಸಬಲ ಅಂಥದು. ತಡೆದುಕೊಂಡು ಹೆಂಡತಿಯ ಕಡೆಗೆ ತಿರುಗಿ, “ನೀನು ಹೇಳು” ಎಂದೆನು. ಆಕೆ ನನ್ನನ್ನು ಸ್ವಲ್ಪ ಹೊತ್ತು ಅನುಮಾನದಿಂದಲೇ ನೋಡಿದಳು.

ಆಕೆ ಹೇಳಿದ್ದಿಷ್ಟು: “ಬಾಣಂತನಕ್ಕೆ ನಾನು ಹೋಗದೆ ಇನ್ನಾರು ಹೋಗುತ್ತಾರೆ? ಪುಣೆಗೆ ಹೋಗುವವಳೇ. ಮೈಸೂರಿನ ಮನೆಯನ್ನು ಮಾತ್ರ ಬಾಡಿಗೆಗೆ ಕೊಡಬೇಡಿ. ಇವರು ಅಲ್ಲಿಯೇ ಇರಲಿ. ಒಗ್ಗರಣೆ ಹಾಕುವುದನ್ನಾದರೂ ಕಲಿಯಲಿ. ತಿಂಗಳಿಗೊಂದು ಸಲ ರೈಲು ಹತ್ತಿ ಪುಣೆಗೆ ಬರಲಿ. ಹಜಾರದಲ್ಲಿ ಮಲಗಿದರೆ ಯಾರ ಗಂಟು ಹೋಗುತ್ತದೆ? ಅಲ್ಲಿಂದಾಚೆಗೆ ಎಲ್ಲಿಗೆ ಹೋಗುವುದಾದರೂ ಇಬ್ಬರೂ ಜೊತೆಯಲ್ಲಿ.” ನೋಡಿದರೆ, ಮಕ್ಕಳು ಹಾಕಿದ್ದ ಲೆಕ್ಕದಲ್ಲಿ ಮೊದಲ ಆರು ತಿಂಗಳ ಮಟ್ಟಿಗೆ ಬಹುಪಾಲು ಹಾಗೆಯೇ ಉಳಿಯಿತು. ಆಕೆ ಪುಣೆಗೆ ಹೋದದ್ದೂ ನಿಜ. ನಾನು ಒಬ್ಬನೇ ಇದ್ದದ್ದೂ ನಿಜ. ಆದರೆ ಫೋನಿನಲ್ಲಿ ಕೇಳಿದಾಗ ನುಂಗಲಾರದೆ ಹೋದದ್ದು, ಮಂಚದ ಮೇಲೆ ಕುಳಿತು ಕೇಳಿದಾಗ ಹಗುರವಾಗಿದ್ದಿತು. ಸರ್ಕಾರದ ಮೂವತ್ತಮೂರು ವರ್ಷದ ಸೇವೆ ಕಲಿಸದ ವಿದ್ಯೆಯನ್ನು ನಾನು ಈ ಮುಪ್ಪಿನಲ್ಲಿ ಒಂದು ಚೆಂಡಾಟದಿಂದ ಕಲಿತೆನೆಂದರೆ ವಾಚಕರು ನಗಬಹುದು. ನಗಲಿ, ಆದರೆ ತಮ್ಮ ಮನೆಯ ಲೆಕ್ಕವನ್ನೂ ಒಮ್ಮೆ ನೋಡಿಕೊಳ್ಳಲಿ.

ಉಳಿದ ಕಥೆ ಸ್ವಲ್ಪ. ೨೦೨೫ರ ಮೇ ೧೨ರಂದು ಹೊಸಬರ ಸರದಿಯ ಚೀಟಿಯೆತ್ತಿದಾಗ, ನೂರಕ್ಕೆ ೧.೮ರಷ್ಟು ಮಾತ್ರವೇ ಸಂಭವವಿದ್ದ ಡಲ್ಲಾಸಿಗೆ ಮೊದಲನೆಯ ಸ್ಥಾನ ಬಂದಿತು. ಜೂನಿನಲ್ಲಿ ಅವರು ಕೂಪರ್ ಫ್ಲಾಗ್ ಎಂಬ ಹದಿನೆಂಟರ ಹುಡುಗನನ್ನು ಆರಿಸಿಕೊಂಡರು. ಗೆರೆಯೆಳೆದ ಹ್ಯಾರಿಸನ್ನನನ್ನು ನವೆಂಬರಿನಲ್ಲಿ ತೆಗೆದುಹಾಕಿದರು. ಮೊಮ್ಮಗನು ಸಂತೋಷಪಟ್ಟಿರಬೇಕೆಂದುಕೊಂಡು ಫೋನು ಮಾಡಿದೆನು. “ಅವನಿಗೆ ಮುಂಚೆ ಹೇಳಿದ್ದರೋ ಇಲ್ಲವೋ ತಾತ?” ಎಂದು ಕೇಳಿದನು.

ಗ್ಯಾರೇಜಿನ ಸಭೆ ಮತ್ತೆ ನಡೆಯುತ್ತಿದೆಯೆಂದು ಸೊಸೆ ಹೇಳಿದಳು. ಅದು ನಿಲ್ಲುವಂಥದಲ್ಲ, ನಿಲ್ಲಬೇಕಾಗಿಯೂ ಇಲ್ಲ. ೭೭ರ ಅಂಗಿ ಬೀರುವಿನಲ್ಲಿದೆಯಂತೆ. ತೊಡುವುದೂ ಇಲ್ಲ, ಕೊಡುವುದೂ ಇಲ್ಲ. ಅಂದು ಫೋನಿಡುವ ಮುನ್ನ ಮೊಮ್ಮಗನು, “ತಾತ, ನೀವು ಮತ್ತೆ ಯಾವಾಗ ಬರುತ್ತೀರಿ?” ಎಂದನು. ಮನಸ್ಸಿನಲ್ಲಿ ತಿಂಗಳು, ತಾರೀಖು, ವಿಮಾನದ ಹೊತ್ತು ಎಲ್ಲವೂ ಸಾಲಾಗಿ ನಿಂತವು, ಗೆರೆಯೆಳೆಯುವುದೊಂದೇ ಬಾಕಿ. ನನ್ನ ಹೆಂಡತಿ ಹಿತ್ತಲಿನಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದಳು.

“ಸ್ವಲ್ಪ ತಾಳು ಮಗು, ನಿಮ್ಮಜ್ಜಿಯನ್ನು ಕೇಳಿ ಹೇಳುತ್ತೇನೆ” ಎಂದೆನು.